ಮುನ್ನಿ ಏನು ತಿಂದಿತ್ತು?

ಮುನ್ನಿ ನಮ್ಮ ಮನೆಯ ಆಡು. ದಾದಿಯ ಚಹಾಕ್ಕೆ ಅದರ ಹಾಲೇ ಆಗಬೇಕು. ಕಾಲೇಜು ಮುಗಿಸಿ ಕಲಬುರಗಿಯಿಂದ ಕಮಲಾಪುರಕ್ಕೆ ಬಂದ ಮೇಲೆ ಅದನ್ನು ಮೇಯಿಸುವ ಕೆಲಸ ನನ್ನದು. ಕಳೆದ ನವೆಂಬರಿನಲ್ಲಿ ಒಂದು ಸಂಜೆ ಬದುವಿನ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದೆ. ತಲೆ ಎತ್ತಿದರೆ ಮುನ್ನಿ ಪಕ್ಕದ ಕಾಕಾನ ತೊಗರಿ ಹೊಲದಲ್ಲಿ! ಹೊಡೆದುಕೊಂಡು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ಮಗರಿಬ್ ಹೊತ್ತಿಗೆ ಅದರ ಬಾಯಿಂದ ಜೊಲ್ಲು ಸುರಿಯತೊಡಗಿತು. ಕಾಲು ನಡುಗುತ್ತಿದ್ದವು. "ಏನು ತಿಂದಿದೆ?" ಎಂದು ಅಬ್ಬಾ ಕೇಳಿದರು. "ಗೊತ್ತಿಲ್ಲ" ಎಂದೆ. ಓಣಿಯವರು ಸೇರಿದರು. ಒಬ್ಬರು ಮಜ್ಜಿಗೆ ಎಂದರು, ಇನ್ನೊಬ್ಬರು ಎಣ್ಣೆ ಎಂದರು. ಅಮ್ಮಿ ಉಪ್ಪುನೀರು ಕಲಸಿ ತಂದೇಬಿಟ್ಟರು. ಅಬ್ಬಾ ಪಶುವೈದ್ಯರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದೂ ಅದೇ ಪ್ರಶ್ನೆ: ಏನು ತಿಂದಿದೆ, ಎಷ್ಟು ಹೊತ್ತಾಯಿತು? ಬಾಯಿಗೆ ಏನೂ ಹಾಕಬೇಡಿ, ನಡುಗುವ ಪ್ರಾಣಿಗೆ ನುಂಗಲು ಆಗುವುದಿಲ್ಲ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ ಎಂದರು. ಎಳೆ ಜೋಳ ಮೇಯ್ದಿದೆಯೇ ಎಂದೂ ಕೇಳಿದರು. ಎಳೆ ಜೋಳದಲ್ಲಿ ಸಯನೈಡ್ ಇರುತ್ತದೆ, ಅದರ ಔಷಧ ಬೇರೆ, ಹೊಲಕ್ಕೆ ಹೊಡೆಯುವ ಎಣ್ಣೆಯ ವಿಷಕ್ಕೆ ಔಷಧ ಬೇರೆಯಂತೆ.

ಆಗ ನನ್ನ ಬಾಯಿ ಬಿಟ್ಟಿತು. ಅಬ್ಬಾ ನನ್ನನ್ನೇ ಕಾಕಾನ ಮನೆಗೆ ಕಳಿಸಿದರು.

ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ಮೇಯ್ದದ್ದು ಅವರ ಬೆಳೆ! "ಕಾಕಾ, ನಮ್ಮ ಆಡು ನಿಮ್ಮ ಹೊಲ ಹೊಕ್ಕಿತ್ತು. ಇವತ್ತು ಏನು ಹೊಡೆದಿದ್ದೀರಿ?" ಎಂದೆ. "ಕಾಯಿಕೊರಕ ಬಿದ್ದಿತ್ತು ತಮ್ಮಾ, ಮುಂಜಾನೆನೇ ಎಣ್ಣಿ ಹೊಡದೀನಿ" ಎಂದವರು ಬಾಟಲಿ ಹಿಡಿದು ನನ್ನ ಜೊತೆಗೇ ಬಂದರು.

ಬಾಟಲಿಯ ಮೇಲೆ ಹಳದಿ ತ್ರಿಕೋನ ಇತ್ತು. ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ, ಕಾಕಾನಿಗೆ ಕನ್ನಡಕ ಇರಲಿಲ್ಲ. ನಾನೇ ಓದಿದೆ: ಪ್ರೊಫೆನೊಫಾಸ್. ಫೋನಿನಲ್ಲಿ ಹೆಸರು ಕೇಳಿದ ವೈದ್ಯರು ಅಟ್ರೋಪಿನ್ ತೆಗೆದುಕೊಂಡೇ ಬಂದರು. ಮುನ್ನಿಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಇಂಜೆಕ್ಷನ್ ಕೊಟ್ಟರು. ಬೆಳಗಿನ ಜಾವ ಮತ್ತೊಮ್ಮೆ ಬಂದು ಕೊಟ್ಟರು. (ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಉಚಿತ ಸಂಖ್ಯೆ ಇರುವುದು ನನಗೆ ಗೊತ್ತಾದದ್ದು ಆಮೇಲೆ.)

ಮರುದಿನ ಮಧ್ಯಾಹ್ನ ಮುನ್ನಿ ಎದ್ದು ನಿಂತು ಮೆಲುಕು ಹಾಕಿತು. ಅಬ್ಬಾ ಬೈಯಲಿಲ್ಲ. "ನಿನಗೆ ಗೊತ್ತಿದ್ದು ಎಷ್ಟು ಹೊತ್ತಾಗಿತ್ತು?" ಎಂದಷ್ಟೇ ಕೇಳಿದರು. ಎರಡು ಗಂಟೆ.

ವೈದ್ಯರು ಸಾಕು ಎನ್ನುವವರೆಗೆ ಹಾಲು ಕರೆದು ಗುಂಡಿಗೆ ಸುರಿಯುವ ಕೆಲಸವೂ ನನಗೇ ಬಂತು. ದಾದಿ ಅಷ್ಟು ದಿನ ಕರಿ ಚಹಾ ಕುಡಿದರು, ಪ್ರತಿ ಗುಟುಕಿಗೂ ನನ್ನ ಕಡೆ ನೋಡುತ್ತ.