ಹಾಸಿಗೆ ಇದ್ದಷ್ಟು

ನಮ್ಮ ಮನೆಯವರ ಎತ್ತರ ಆರಡಿ ಎರಡಂಗುಲ. ಮದುವೆಯ ಮಾತುಕತೆಯಾಗುವಾಗ ಇದು ಗುಣಗಳ ಪಟ್ಟಿಯಲ್ಲಿತ್ತು. "ಅಟ್ಟದ ಡಬ್ಬಿ ಇಳಿಸೋಕೆ ಏಣಿ ಬೇಡ ನೋಡು" ಎಂದು ನನ್ನ ಸೋದರತ್ತೆ ಹುರಿದುಂಬಿಸಿದ್ದರು. ಅಟ್ಟದ ಡಬ್ಬಿ ಇಳಿಸುವುದು ವರ್ಷಕ್ಕೆ ಎರಡು ಸಲ, ಆ ಕಾಲುಗಳಿಗೆ ಜಾಗ ಹುಡುಕುವುದು ಮಾತ್ರ ನಿತ್ಯದ ಕೆಲಸ ಎಂದು ಆಗ ಯಾರೂ ಹೇಳಲಿಲ್ಲ.

ಕೆಂಪು ಬಸ್ಸಿನಲ್ಲಿ ಅವರ ಮಂಡಿ ಮುಂದಿನ ಸೀಟಿನವರ ಬೆನ್ನಿಗೆ ಒತ್ತುತ್ತದೆ. ಅವರು ತಿರುಗಿ ದುರುಗುಟ್ಟುತ್ತಾರೆ. ಇವರು ಮಂಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ನನ್ನ ಚೀಲ ನೆಲಕ್ಕೆ. ಸ್ಲೀಪರ್ ಬಸ್ಸಿನ ಗೂಡಿನಲ್ಲಿ ಮಡಿಸಿದ ಕೊಡೆಯ ಹಾಗೆ ಮಲಗುತ್ತಾರೆ, ಬೆಳಿಗ್ಗೆ ಬಿಚ್ಚಿಕೊಳ್ಳಲು ಕಾಲು ಗಂಟೆ ಬೇಕು. ರೈಲಿನಲ್ಲಂತೂ ಬರ್ತಿನಿಂದಾಚೆ ಒಂದು ಮೊಳ ಪಾದ ದಾರಿಗೆ ಚಾಚಿರುತ್ತದೆ. ರಾತ್ರಿ ಓಡಾಡುವವರೆಲ್ಲ ಅದಕ್ಕೊಂದು ಡಿಕ್ಕಿ ಕೊಟ್ಟು, "ಸಾರಿ ಸಾರ್" ಎಂದು ಪಾದಕ್ಕೇ ಹೇಳಿ ಮುಂದೆ ಹೋಗುತ್ತಾರೆ.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿಯೇ ನಿವೃತ್ತಳಾದವಳು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂಬುದನ್ನು ಎದುರು ಕೂತವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮನೆಯಲ್ಲಿ ಹೇಳಿದರೆ ಮಾತ್ರ ಇವರದು ಒಂದೇ ಉತ್ತರ: "ಆ ಗಾದೆ ಕಟ್ಟಿದವನು ಐದಡಿಯವನಿರಬೇಕು."

ಲಂಡನ್ನಿನಲ್ಲಿರುವ ಮಗಳು ನಮ್ಮ ಮದುವೆಗೆ ನಲವತ್ತು ತುಂಬಿದ ನೆಪ ಮಾಡಿ ಮಾರಿಷಸ್‌ಗೆ ಟಿಕೆಟ್ ಕೈಗಿಟ್ಟಾಗ ನಾನು ಮೊದಲು ಕೇಳಿದ್ದು ದರ. "ಆಫೀಸಿನ ಓಡಾಟದ ಪಾಯಿಂಟ್ಸ್ ಅಮ್ಮ, ದುಡ್ಡಲ್ಲ" ಎಂದಳು. ಪಾಯಿಂಟ್ಸ್ ಇಲ್ಲದವರು ಎಷ್ಟು ಕೊಡುತ್ತಾರೆಂದು ರಾತ್ರಿ ಕದ್ದು ಫೋನಿನಲ್ಲಿ ನೋಡಿದೆ. ನೋಡಿ ಫೋನನ್ನು ಬೋರಲು ಹಾಕಿದೆ. ಬಿಸಿನೆಸ್ ಕ್ಲಾಸು. ಬಿಸಿನೆಸ್ ಮಾಡದ ಇಬ್ಬರು ಪಿಂಚಣಿದಾರರಿಗೆ. "ಅಪ್ಪ ಜೀವನದಲ್ಲಿ ಒಂದು ಸಲವಾದರೂ ಕಾಲು ಚಾಚಿ ಪ್ರಯಾಣ ಮಾಡ್ಲಿ" ಎಂದಳು. ಅದಕ್ಕೆ ಎದುರು ಹೇಳುವಂಥದ್ದು ನನ್ನಲ್ಲಿರಲಿಲ್ಲ.

ಇದರಲ್ಲೊಂದು ತಮಾಷೆಯಿದೆ. ಮುಂಬೈಯಿಂದ ಮಾರಿಷಸ್‌ಗೆ ಆರೂವರೆ ಗಂಟೆಯ ಹಾರಾಟ. ನಾವು ನಮ್ಮೂರು ಸಾಗರದಿಂದ ಲಂಡನ್ನಿಗೆ ಹೋಗಿ, ಅಲ್ಲಿಂದ ಮತ್ತೆ 12 ಗಂಟೆ ಹಾರಿ ನಮ್ಮದೇ ಹಿಂದೂ ಮಹಾಸಾಗರಕ್ಕೆ ಮರಳಿದೆವು. ಕೈ ಸುತ್ತಿಸಿ ಮೂಗು ಹಿಡಿಯುವುದೆಂದರೆ ಇದೇ.

ವಿಮಾನದಲ್ಲಿ ನಮ್ಮದು ಎದುರುಬದುರು ಸೀಟು. ನಾನು ಮುಂದಕ್ಕೆ ಮುಖ ಮಾಡಿ ಕೂತರೆ ಅವರು ಹಿಂದಕ್ಕೆ. ಲಂಡನ್ನನ್ನು ಬಿಟ್ಟುಬರುತ್ತಿರುವುದು ಅವರಿಗೆ ಕಾಣುತ್ತಿತ್ತು, ಮಾರಿಷಸ್ ಹತ್ತಿರವಾಗುತ್ತಿರುವುದು ನನಗೆ. ನಡುವೆ ಒಂದು ತೆಳು ತಟ್ಟಿ. ಬಿಸಿ ಟವೆಲ್ಲು, ಬೆಚ್ಚಗೆ ಮಾಡಿದ ಬಾದಾಮಿ ಗೋಡಂಬಿಯ ಪುಟ್ಟ ಬಟ್ಟಲು ಎಲ್ಲ ಬಂದುಹೋದ ಮೇಲೆ ಇವರು ಯಾವುದೋ ಗುಂಡಿ ಒತ್ತಿದರು. ಜುಯ್ ಎಂದು ತಟ್ಟಿ ಮೇಲಕ್ಕೇರಿತು. ಮೊದಲು ಗಲ್ಲ, ಆಮೇಲೆ ಮೀಸೆ, ಆಮೇಲೆ ಗಾಬರಿಯ ಎರಡು ಕಣ್ಣು ಮರೆಯಾದವು. ಮದುವೆಯ ದಿನ ಅಂತರಪಟ ಇಳಿದಾಗ ಮೊದಲು ಕಂಡದ್ದು ಹಣೆ, ಕೊನೆಗೆ ಗಲ್ಲ. ನಲವತ್ತು ವರ್ಷದ ಮೇಲೆ ಅದೇ ಸಿನಿಮಾವನ್ನು ಹಿಂದುಮುಂದಾಗಿ ತೋರಿಸಿದಂತಾಯಿತು. ಅಕ್ಷತೆ ಬದಲು ನನ್ನ ಕೈಯಲ್ಲಿ ಗೋಡಂಬಿ ಇತ್ತು.

ಊಟದ ಕಥೆ ಬೇರೆ. ಮಗಳು ಟಿಕೆಟ್ ಮಾಡುವಾಗ ಪಟ್ಟಿಯಲ್ಲಿ 'ಹಿಂದೂ ಊಟ' ಎಂದಿದ್ದನ್ನು ನೋಡಿ, ಅಪ್ಪ-ಅಮ್ಮನಿಗೆ ಇನ್ನೇನು ಬೇಕು ಎಂದು ಗುರುತು ಹಾಕಿದ್ದಳು. ಬಿಳಿ ಮೇಜುಬಟ್ಟೆಯ ಮೇಲೆ ಬಂದು ಕೂತದ್ದು ಕೋಳಿ. ವಿಮಾನಗಳ ಭಾಷೆಯಲ್ಲಿ ಹಿಂದೂ ಊಟವೆಂದರೆ ದನದ ಮಾಂಸವಿಲ್ಲದ ಊಟ ಅಷ್ಟೆ, ಸಸ್ಯಾಹಾರಿ ಬೇಕಾದರೆ 'ಏಷ್ಯನ್ ವೆಜಿಟೇರಿಯನ್' ಎನ್ನಬೇಕಂತೆ. ಗಗನಸಖಿ ಪಾಪ ಎಲ್ಲಿಂದಲೋ ಪಾಸ್ತಾ ಹೊಂದಿಸಿ ತಂದಳು. ಅದಕ್ಕೆ ಉಪ್ಪು ಸಾಲದೆನ್ನಿಸಿತು. ತಪ್ಪು ಅಡುಗೆಯವನದಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಮುಳ್ಳಯ್ಯನಗಿರಿಯೇ 6,330 ಅಡಿ. ಅಂದರೆ ನಾವು ಉಂಡದ್ದು ಮುಳ್ಳಯ್ಯನಗಿರಿಯ ತುದಿಯಲ್ಲಿ, ಅದೂ ಬೇಸಗೆಯಷ್ಟು ಒಣಗಿದ ಗಾಳಿಯಲ್ಲಿ. ಮೂಗು ಒಣಗುತ್ತದೆ, ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂದವಾಗುತ್ತವೆ. ಟೊಮೆಟೊ ರಸ ಮಾತ್ರ ಅಲ್ಲೂ ರುಚಿ ಬಿಟ್ಟುಕೊಡುವುದಿಲ್ಲವಂತೆ. ಹಾಗಿದ್ದರೆ ನಮ್ಮ ಟೊಮೆಟೊ ಸಾರನ್ನು ಒಂದು ಲೋಟ ಕೊಡಲು ಇವರಿಗೇನು ಧಾಡಿ ಎಂದುಕೊಂಡೆ.

ಊಟವಾದ ಮೇಲೆ ಅದೇ ಹುಡುಗಿ ಬಂದು ಸೀಟನ್ನು ಮಟ್ಟಸ ಮಾಡಿ, ಮೇಲೆ ತೆಳು ಮೆತ್ತೆ, ದುಪ್ಪಟಿ, ದಿಂಬು ಹಾಸಿದಳು. ಬಾಣಂತನ ಬಿಟ್ಟರೆ ನನಗೆ ಯಾರೂ ಹಾಸಿಗೆ ಹಾಸಿಕೊಟ್ಟ ನೆನಪಿಲ್ಲ. ಅವಳು ಬಗ್ಗಿ ದುಪ್ಪಟಿಯ ಅಂಚು ಸಿಕ್ಕಿಸುವಾಗ ನಾನು ಎದ್ದುನಿಂತು ಇನ್ನೊಂದು ತುದಿ ಹಿಡಿಯಹೋದೆ. "ಪ್ಲೀಸ್ ಮೇಡಂ" ಎಂದು ನಕ್ಕು ಬಿಡಿಸಿಕೊಂಡಳು. ಕೈ ಖಾಲಿ ಬಿಟ್ಟುಕೊಂಡು ನಿಲ್ಲುವುದೂ ಒಂದು ವಿದ್ಯೆ, ನನಗದು ಬರುವುದಿಲ್ಲ.

ಈ ಹಾಸಿಗೆ ಹಳೆಯದೇನಲ್ಲ. ಬಿಸಿನೆಸ್ ಕ್ಲಾಸ್ ಎಂಬುದು ಹುಟ್ಟಿದ್ದೇ 1970ರ ದಶಕದ ಕೊನೆಯಲ್ಲಿ. ಪೂರಾ ದರ ಕೊಟ್ಟ ಕಂಪನಿ ಜನ, ರಿಯಾಯಿತಿ ಟಿಕೆಟಿನ ಪ್ರವಾಸಿಗಳ ಪಕ್ಕ ತಾವೇಕೆ ಕೂರಬೇಕೆಂದು ಗೊಣಗಿದರು. ಅವರನ್ನು ಬೇರೆ ಕೂರಿಸಲು ಒಂದು ಪರದೆ ಎಳೆದರು. ಮೊದಮೊದಲು ಸಿಕ್ಕಿದ್ದು ಸ್ವಲ್ಪ ಅಗಲದ ಕುರ್ಚಿ ಮತ್ತು ಆ ಪರದೆ. ಪೂರ್ತಿ ಮಟ್ಟಸವಾಗುವ ಹಾಸಿಗೆ ಈ ದರ್ಜೆಗೆ ಇಳಿದದ್ದು 2000ದ ಸುಮಾರಿಗೆ. ಮೊದಲು ಪರದೆ, ಆಮೇಲೆ ಹಾಸಿಗೆ. ಪಂಕ್ತಿಭೇದದ ಊಟ ನೋಡಿ ಬೆಳೆದ ನನಗೆ ಈ ಅನುಕ್ರಮ ಹೊಸದೆನ್ನಿಸಲಿಲ್ಲ. ಪರದೆಯಾಚೆ 31 ಅಂಗುಲದ ಅಂತರದ ಸಾಲುಗಳಲ್ಲಿ ಎಷ್ಟು ಮಂಡಿಗಳು ಎಷ್ಟು ಬೆನ್ನುಗಳಿಗೆ ಒತ್ತುತ್ತಿದ್ದವೋ.

ಮಲಗಿದೆ. ನಿದ್ದೆ ಬರಲಿಲ್ಲ. ಬ್ಯಾಂಕಿನವರ ಚಾಳಿ, ಅಡವಿಟ್ಟ ಆಸ್ತಿಯನ್ನು ಅಳೆಯದೆ ಬಿಡೆವು. ಕತ್ತಲಲ್ಲಿ ಹಾಸಿಗೆಯನ್ನು ಗೇಣು ಹಾಕಿದೆ. ಉದ್ದ ಒಂಬತ್ತೂವರೆ ಗೇಣು. ಅಗಲ ಎರಡೂವರೆ. ನನ್ನ ಗೇಣು ಎಂಟಂಗುಲ. ಅಂದರೆ ಹತ್ತೂವರೆ ಚದರ ಅಡಿ. ಎಪ್ಪತ್ತಾರು ಅಂಗುಲದ ಉದ್ದದಲ್ಲಿ ಎಪ್ಪತ್ತನಾಲ್ಕು ಅಂಗುಲದ ಮನುಷ್ಯ ಹಿಡಿಸಬೇಕು. ತಟ್ಟಿಯ ಮೇಲಿನಿಂದ ಇಣುಕಿದೆ. ಹಿಡಿಸಿದ್ದರು. ಕಾಲಿನ ಕಡೆ ಗೂಡು ಕಿರಿದಾಗುತ್ತಿತ್ತು. ಎರಡು ಪಾದಗಳೂ ಅದರೊಳಗೆ ಒಂದರ ಮೇಲೊಂದು ಕೂತಿದ್ದವು, ಆದರೂ ಕಾಲು ನೆಟ್ಟಗಿತ್ತು. ಬಾಯಿ ತೆರೆದು ಗೊರಕೆ. ಪರದೆಯ ಮೇಲಿನ ನಕ್ಷೆಯಲ್ಲಿ ನಾವು ಆಫ್ರಿಕಾದ ಮೇಲಿದ್ದೆವು.

ಬೆಳಿಗ್ಗೆ ಇಳಿಯುವಾಗ ಮೊದಲು ಕಂಡದ್ದು ಕಬ್ಬು. ಕಡಲಿನ ನೀಲಿ ಮುಗಿಯುವಲ್ಲಿಂದಲೇ ಹಸಿರು ಕಬ್ಬಿನ ಗದ್ದೆ. ಮಾರಿಷಸ್ ಎಂಬ ಮುಖ್ಯ ದ್ವೀಪ 1,865 ಚದರ ಕಿಲೋಮೀಟರು, ನಮ್ಮ ಕೊಡಗಿನ ಅರ್ಧವೂ ಇಲ್ಲ. ಹೋಟೆಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವರ್ಗಗಳೆಲ್ಲ ಒಂದೇ ಥರ ಇರುತ್ತವೆ: ಬಿಳಿ ಮರಳು, ಹುಲ್ಲಿನ ಕೊಡೆ, ಹಣ್ಣಿನ ರಸಕ್ಕೆ ಸಿಕ್ಕಿಸಿದ ಹೂವು. ಕಡಲಂತೂ ಕೆರೆಯಷ್ಟು ಸಾಧು. ದ್ವೀಪದ ಸುತ್ತ ಹವಳದ ದಿಬ್ಬವಿದೆ, ದೊಡ್ಡ ಅಲೆಗಳೆಲ್ಲ ದೂರದಲ್ಲೇ ಅದಕ್ಕೆ ತಲೆ ಚಚ್ಚಿಕೊಂಡು ಬೆಳ್ಳನೆಯ ಗೆರೆಯಾಗಿ ಮುಗಿಯುತ್ತವೆ. ಎರಡು ದಿನ ಆರಾಮಕುರ್ಚಿಯಲ್ಲಿ ಕಾಲು ಚಾಚಿದೆವು. ಮೂರನೇ ದಿನ ಇವರು, "ಇಷ್ಟೊಂದು ಕಾಲು ಚಾಚಿದ್ರೆ ಮಂಡಿ ಹಿಡ್ಕೊಳ್ಳುತ್ತೆ" ಎಂದು ಎದ್ದರು.

ಟ್ಯಾಕ್ಸಿ ಮಾಡಿಕೊಂಡು ಹೊರಟಾಗ ಕಬ್ಬಿನ ನಡುವೆ ಅಲ್ಲಲ್ಲಿ ಕಪ್ಪು ಕಲ್ಲಿನ ಗುಡ್ಡೆಗಳು. ಆಳೆರಡಾಳು ಎತ್ತರ, ಕೆಲವಂತೂ ದೇವಸ್ಥಾನದ ಅಡಿಪಾಯದಷ್ಟು ಅಚ್ಚುಕಟ್ಟು. ಇದು ಜ್ವಾಲಾಮುಖಿ ಉಗುಳಿದ ನೆಲ, ಮಣ್ಣಿಗಿಂತ ಕಲ್ಲೇ ಜಾಸ್ತಿ. ಮೊದಲು ಆಫ್ರಿಕಾ, ಮಡಗಾಸ್ಕರ್‌ಗಳಿಂದ ತಂದ ಗುಲಾಮರು, ಆಮೇಲೆ ಹಿಂದೂಸ್ಥಾನದಿಂದ ತಂದ ಕೂಲಿಗಳು ಒಂದೊಂದೇ ಕಲ್ಲನ್ನು ಕೈಯಿಂದ ಹೆಕ್ಕಿ ರಾಶಿ ಹಾಕಿ ಕಬ್ಬಿಗೆ ಜಾಗ ಮಾಡಿದರು. ಡ್ರೈವರು ಕಾರು ನಿಲ್ಲಿಸಿದ. ಇವರು ಇಳಿದು ರಾಶಿಯ ಬುಡದ ಒಂದು ಕಲ್ಲನ್ನು ಎತ್ತಲು ನೋಡಿದರು. ಅಲುಗಾಡಲಿಲ್ಲ.

ಪೋರ್ಟ್ ಲೂಯಿಯ ಮಾರುಕಟ್ಟೆಯ ಬಳಿ ತಳ್ಳುಗಾಡಿಯವನು ಮಾರುತ್ತಿದ್ದುದನ್ನು ದೂರದಿಂದ ನೋಡಿ ನಾನು, "ಒಬ್ಬಟ್ಟು!" ಎಂದು ಕೂಗಿಯೇಬಿಟ್ಟೆ. ಅದೇ ತೆಳುವು, ಅದೇ ಹಳದಿ, ಅಂಚಿನಲ್ಲಿ ಇಣುಕುವ ಅದೇ ಬೇಳೆ. ಹೆಸರು ದಾಲ್ ಪುರಿ, ಅವರ ಬಾಯಲ್ಲಿ 'ಧೋಲ್ ಪುರಿ'. ಎರಡನ್ನು ಜೋಡಿಸಿ, ಮೇಲೆ ಅವರೆಯಂಥ ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಹಸಿಮೆಣಸಿನ ಚಟ್ನಿ ಸವರಿ, ಸುರುಳಿ ಸುತ್ತಿ ಕಾಗದದಲ್ಲಿ ಕೊಟ್ಟ. ಕಚ್ಚಿದೆ. ಹೂರಣಕ್ಕೆ ಬೆಲ್ಲ ಹಾಕಲು ಮರೆತ ಒಬ್ಬಟ್ಟು. ಬಿಹಾರದ ಕಡೆಯಿಂದ ಬಂದವರ ತಿಂಡಿ ಇದು, ಅಲ್ಲೂ ಇದಕ್ಕೆ ಬೆಲ್ಲವಿಲ್ಲ, ನನಗೆ ಗೊತ್ತು. ಆದರೂ ದ್ವೀಪದ ತುಂಬ ಕಬ್ಬು ಬೆಳೆದವರ ಕೈಯ ಹೋಳಿಗೆಯಲ್ಲಿ ಸಿಹಿ ಇಲ್ಲವಲ್ಲ ಎಂದು ನಾಲಿಗೆ ಪೇಚಾಡಿತು. ಖಾರ ಮಾತ್ರ ಭರ್ತಿ ಇತ್ತು. ಮುಳ್ಳಯ್ಯನಗಿರಿಯಿಂದ ಇಳಿದ ನಾಲಿಗೆ ಮೊದಲ ಸಲ ಎಚ್ಚರಾಯಿತು.

ಚಿಲ್ಲರೆ ಎಂದು ಅವನು ಕೊಟ್ಟ ನೋಟನ್ನು ನಾನು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದೆ. ಅದೂ ರೂಪಾಯಿಯೇ. ಇಂಗ್ಲಿಷ್ ಜೊತೆ ತಮಿಳು, ಹಿಂದಿ. 1998ರಲ್ಲಿ ಹೊಸ ನೋಟು ಅಚ್ಚು ಹಾಕುವಾಗ ತಮಿಳನ್ನು ಹಿಂದಿಯ ಕೆಳಗೆ ಇಳಿಸಿದ್ದಕ್ಕೆ ದೊಡ್ಡ ಗಲಾಟೆಯಾಗಿ, ಆ ನೋಟುಗಳನ್ನು ವಾಪಸು ಪಡೆಯಬೇಕಾಯಿತು. ನಮ್ಮ ನೋಟಿನ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು, ಅಕಾರಾದಿಯ ಕೃಪೆ, ಜಗಳವಿಲ್ಲ. ಇಲ್ಲಿ ಕನ್ನಡ ಕಾಣಲಿಲ್ಲ. ಹಡಗುಗಳು ಹೊರಟದ್ದು ಕಲ್ಕತ್ತೆ, ಮದ್ರಾಸು, ಮುಂಬಯಿಗಳಿಂದ. ಭೋಜಪುರಿ, ತಮಿಳು, ತೆಲುಗು, ಮರಾಠಿ ಇಲ್ಲಿ ಇಳಿದವು.

ಇಳಿದ ಜಾಗ ಬಂದರಿನ ಪಕ್ಕದಲ್ಲೇ ಇದೆ, ಆಪ್ರವಾಸಿ ಘಾಟ್. ಹಿಂದೆ ಅದಕ್ಕೆ ಕೂಲಿ ಘಾಟ್ ಎಂದೇ ಹೆಸರು. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಕಲ್ಕತ್ತೆಯಿಂದ 36 ಜನರನ್ನು ತಂದಿತು. ಗುಲಾಮಗಿರಿ ಇನ್ನೇನು ಮುಗಿಯುವುದರಲ್ಲಿತ್ತು, ಕಬ್ಬಿನ ತೋಟಗಳಿಗೆ ಅಗ್ಗದ ಕೈಗಳು ಬೇಕಿದ್ದವು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ. ಒಂದು ದಿನ ತಪ್ಪಿಸಿದರೆ ಎರಡು ದಿನದ ಕೂಲಿ ಕಡಿತ. ಎಂಥೆಂಥ ಬಡ್ಡಿ ಲೆಕ್ಕ ನೋಡಿದವಳಿಗೂ ಇದು ಹೊಸದಾಗಿತ್ತು. ಮುಂದಿನ ದಶಕಗಳಲ್ಲಿ ಸುಮಾರು 4.5 ಲಕ್ಷ ಜನ ಬಂದರು. ಇಂದು ಈ ದೇಶದ ಮೂರರಲ್ಲಿ ಎರಡು ಪಾಲು ಜನ ಅವರ ಸಂತಾನ. 2006ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಆ ಜಾಗದಲ್ಲಿ ನೋಡಲು ಹೆಚ್ಚೇನಿಲ್ಲ: ಮೊಂಡು ಗೋಡೆಗಳು, ಆಸ್ಪತ್ರೆ ಮತ್ತು ಅಡುಗೆಮನೆಯ ಅವಶೇಷ, ಕಪ್ಪು ಕಲ್ಲಿನ ಮೆಟ್ಟಿಲು. ಇವರು ಪಕ್ಕದಲ್ಲಿ ನಿಂತು ಬೆರಳು ಮಾಡಿ ಎಣಿಸಿದರು. ಹದಿನಾರು.

ಆ ಹಡಗುಗಳ ಬಗ್ಗೆ ಓದಿದಾಗ ಒಂದು ಅಂಕಿ ನನ್ನನ್ನು ಹಿಡಿದುಕೊಂಡಿತ್ತು. ಮೊದಲ ವರ್ಷಗಳ ಕುರಿದೊಡ್ಡಿಯ ಸಾಗಾಟ ಕಂಡು ಸರ್ಕಾರ ಆಮೇಲೆ ನಿಯಮ ಮಾಡಿತು: ಒಬ್ಬ ವಯಸ್ಕನಿಗೆ 12 ಚದರ ಅಡಿ ಜಾಗ. ಆರಡಿ ಉದ್ದ, ಎರಡಡಿ ಅಗಲ. ಕಾಗದದ ಮೇಲಾದರೂ ಅಷ್ಟು. ಮೆಟ್ಟಿಲ ಬಳಿ ನಿಂತಾಗ ನನ್ನ ಗೇಣು ಲೆಕ್ಕ ತಾನಾಗಿ ಬಂದು ಅದರ ಪಕ್ಕ ನಿಂತಿತು. ಹತ್ತೂವರೆ. ಫೋನು ಬೋರಲು ಹಾಕುವಷ್ಟು ದರದ ನನ್ನ ಹಾಸಿಗೆ, ಕೂಲಿಯವನ ಹಾಸಿಗೆಗಿಂತ ಒಂದೂವರೆ ಚದರ ಅಡಿ ಚಿಕ್ಕದು.

ಮಲಗಿದ ಮನುಷ್ಯನಿಗೆ ಎಲ್ಲಿದ್ದರೂ ಬೇಕಾಗುವುದು ಅಷ್ಟೇ ಎಂಬ ವೇದಾಂತ ಕೊನೆಗೆ ಆರಡಿ ಮೂರಡಿಗೆ ಹೋಗಿ ಮುಟ್ಟುತ್ತದೆ. ಅದು ನನಗೆ ರುಚಿಸಲಿಲ್ಲ, ಸುಳ್ಳೂ ಹೌದು. ನನಗೆ ಅಲ್ಲಿ ಮಲಗಬೇಕಾದದ್ದು ಒಂದು ರಾತ್ರಿ, ಅವನಿಗೆ ಆರೇಳು ವಾರ. ನನ್ನ ಪಕ್ಕ ತಟ್ಟಿ ಏರಿತು, ಅವನ ಪಕ್ಕ ವಾಂತಿ ಮಾಡುವವನು ಮಲಗಿದ್ದ. ನನ್ನ ಕೈಯಲ್ಲಿ ವಾಪಸು ಟಿಕೆಟ್ಟು ಇತ್ತು. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ದುಪ್ಪಟಿಯ ಅಂಚನ್ನು ಒಬ್ಬಳು ಬಗ್ಗಿ ಸಿಕ್ಕಿಸಿದ್ದಳು. ಅವನ ಹಾಸಿಗೆಯನ್ನು ಅವನ ಮುಖವನ್ನೇ ನೋಡದ ಒಬ್ಬ ಗುಮಾಸ್ತ ಅಡಿಕೋಲಿನಿಂದ ಹಾಸಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಷ್ಟೋ ಜನರಿಗೆ ಮೇಜಿನಾಚೆಯಿಂದ ಬುದ್ಧಿ ಹೇಳಿದವಳು ನಾನು. ಅವರ ಹಾಸಿಗೆ ಹಾಸಿದವರು ಯಾರು, ಅಳತೆ ಯಾರದು ಎಂದು ಒಂದು ದಿನವೂ ಕೇಳಿರಲಿಲ್ಲ. ಹಾಸಿದವರಲ್ಲಿ ನಾನೂ ಒಬ್ಬಳಿದ್ದೆ ಎಂಬುದು ಹೊಳೆಯಲು ಇಷ್ಟು ದೂರ ಬರಬೇಕಾಯಿತು.

ತಿಂಗಳ ಮೇಲೆ ಬೆಂಗಳೂರಿನಿಂದ ಸಾಗರಕ್ಕೆ ತಾಳಗುಪ್ಪ ರೈಲು ಹಿಡಿದೆವು. ಇವರಿಗೆ ಸೈಡ್ ಲೋಯರ್. ಎರಡು ಸೀಟು ಇಳಿಸಿ ಜೋಡಿಸಿದ ಬರ್ತು, ನಡುವೆ ಬಿರುಕು, ಎಷ್ಟು ಹೊರಳಿದರೂ ಎರಡು ತುದಿಗಳಲ್ಲೊಂದಕ್ಕೆ ದೇಹ ತಾಗಲೇಬೇಕು. ದುಪ್ಪಟಿಯನ್ನು ನಾನೇ ಹಾಸಿದೆ. ತುಮಕೂರು ದಾಟುವಷ್ಟರಲ್ಲಿ ಇವರು ಓರೆಯಾಗಿ, ಪಾದಗಳನ್ನು ದಾರಿಗೆ ಚಾಚಿ, ವಿಮಾನದಲ್ಲಿದ್ದ ಅದೇ ಗೊರಕೆ ಹೊಡೆಯುತ್ತಿದ್ದರು. ಅರಸೀಕೆರೆಯಲ್ಲಿ ಹತ್ತಿದ ಹುಡುಗನೊಬ್ಬ ಚೀಲ ತಾಗಿಸಿ, "ಸಾರಿ ಸಾರ್" ಎಂದು ಪಾದಕ್ಕೆ ಹೇಳಿದ.

ನಾನು ಎದ್ದು ಶಾಲಿನ ತುದಿಯನ್ನು ಪಾದದ ಸುತ್ತ ಸಿಕ್ಕಿಸಿದೆ. ಒಂದು ಗೇಣು ಕಡಿಮೆ ಬಿತ್ತು. ಇನ್ನೊಂದು ಟವೆಲ್ ಹುಡುಕಿದೆ.