ನಾನೂ ಕೋರಸ್ಸಿನಲ್ಲಿದ್ದೆ

ಶಾಲೇಲಿ ಏಟು ತಿಂದ ಹುಡುಗ ದೊಡ್ಡವನಾಗಿ ಒಬ್ಬೊಬ್ಬರನ್ನೇ ಹುಡುಕಿ ಸೇಡು ತೀರಿಸಿಕೊಳ್ಳೋ ಮಾಂಗಾ ಅಂದ್ರೆ ನಂಗೆ ಪ್ರಾಣ. ಓದುವಾಗೆಲ್ಲ ನಾನು ಏಟು ತಿಂದವನ ಪಾರ್ಟಿ!

ಮೊನ್ನೆ ಯೋಶಿತೋಕಿ ಓಯಿಮಾ ಅವರ 'ಕೋಎ ನೋ ಕತಾಚಿ' ಓದಿದೆ (2013-14ರಲ್ಲಿ ಧಾರಾವಾಹಿಯಾಗಿ ಬಂದದ್ದು, ಒಟ್ಟು 7 ಸಂಪುಟ). ಇಲ್ಲಿ ಕಥೆ ಕಾಟ ಕೊಟ್ಟವನದು. ಆರನೇ ಕ್ಲಾಸಿನ ಶೋಯಾ, ಕಿವಿ ಕೇಳದ ಶೋಕೋಳ ಹಿಯರಿಂಗ್ ಏಡ್ ಕಿತ್ತು ಎಸೀತಾನೆ. ಒಂದಲ್ಲ, ಎಂಟು ಹಾಳಾಗುತ್ತವೆ. ವಿಚಾರಣೆ ಬಂದಾಗ ಜೊತೆಗೆ ನಕ್ಕವರೆಲ್ಲ, ಮೇಷ್ಟ್ರೂ ಸೇರಿದಂತೆ, ಅವನೊಬ್ಬನ ಕಡೆ ಬೆರಳು ತೋರಿಸ್ತಾರೆ. ಆಮೇಲೆ ಕಾಟ ತಿನ್ನೋ ಸರದಿ ಅವನದು. ಅವನಮ್ಮ 17 ಲಕ್ಷ ಯೆನ್ ಕಟ್ಟಿಕೊಡ್ತಾಳೆ. ಮಾಮೂಲಿ ಸೇಡಿನ ಕಥೆ ಇಷ್ಟಕ್ಕೇ ಮುಗೀತಿತ್ತು...

ಹೈಸ್ಕೂಲಿಗೆ ಬಂದ ಶೋಯಾ ಆ ದುಡ್ಡನ್ನ ದುಡಿದು ಅಮ್ಮನಿಗೆ ಬಿಟ್ಟು, ಸಾಯೋ ಮುಂಚೆ ಒಮ್ಮೆ ಶೋಕೋಳನ್ನ ನೋಡೋಕೆ ಹೋಗ್ತಾನೆ. ಸನ್ನೆಭಾಷೆ ಕಲಿತುಕೊಂಡು! ಅವಳೋ, ತಪ್ಪೆಲ್ಲ ತನ್ನದೇ ಅಂದುಕೊಂಡಿರೋಳು. ಅವಳಿಗೆ ಇನ್ನಷ್ಟು ಸಿಟ್ಟು ಬರಬೇಕಿತ್ತು ಅನ್ನಿಸಿ ನಂಗೆ ಕಿರಿಕಿರಿ ಆಯ್ತು.

ನಮ್ಮ ಕ್ಲಾಸಲ್ಲಿ ತೊದಲೋ ಹುಡುಗ ಒಬ್ಬನಿದ್ದ. ಹಾಜರಿ ಕರೆದಾಗ ಅವನು 'ಪ್ರೆಸೆಂಟ್' ಅನ್ನೋಷ್ಟರಲ್ಲಿ ಎಲ್ಲ ಸೇರಿ ಅಣಕಿಸ್ತಿದ್ವಿ. ಶುರು ಮಾಡ್ತಿದ್ದದ್ದು ನಾನಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಶೋಯಾನ ಕ್ಲಾಸಿನವರು ಅಂದದ್ದೂ ಅದನ್ನೇ.

ನಿನ್ನೆ ರಾತ್ರಿ ಫೇಸ್‌ಬುಕ್ಕಲ್ಲಿ ಹುಡುಕಿದೆ, ಸಿಕ್ಕ. 'ಹೇಗಿದ್ದೀಯೋ' ಅಂತ ಬರೆದು, ಅಳಿಸಿ, ಮಲಗಿಬಿಟ್ಟೆ.