ಉಮ್ಮನ ಸೇವೆಗೆ ಸಂಬಳವೇ?

ಹೆತ್ತ ತಾಯಿಯನ್ನು ಮೀಯಿಸಿ, ಉಣಿಸಿ, ಮಲಗಿಸುವುದಕ್ಕೆ ಸರಕಾರದಿಂದ ಸಂಬಳ ಪಡೆಯಬಹುದೇ? ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯಲ್ಲಿ ನೆಲೆಸಿರುವ ನಮ್ಮಂತಹ ಕರಾವಳಿ ಮೂಲದ ಮುಸ್ಲಿಮ್ ಕುಟುಂಬಗಳಲ್ಲಿ ಈ ಪ್ರಶ್ನೆ ಆಗಾಗ ಚರ್ಚೆಗೆ ಬರುತ್ತದೆ. ಊರಿನ ಬಂಧುಗಳಿಗೆ ವಿಷಯ ತಿಳಿದರೆ ನೇರವಾಗಿಯೇ ಕೇಳುತ್ತಾರೆ: "ಉಮ್ಮನನ್ನು ನೋಡಿಕೊಳ್ಳಲಿಕ್ಕೂ ದುಡ್ಡು ತೆಗೆದುಕೊಳ್ಳುತ್ತೀರಾ?"

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಆದರೆ ಅಲಮೇಡಾವನ್ನು ಆಳುವುದು ಜಿಲ್ಲಾಧಿಕಾರಿಯಲ್ಲ, ಜನರೇ ಆರಿಸಿದ ಐವರು ಸದಸ್ಯರ ಮಂಡಳಿ. ಬಡವರ ಆಹಾರ ನೆರವು, ವೈದ್ಯಕೀಯ ನೆರವು, ಮಕ್ಕಳ ರಕ್ಷಣೆ, ವೃದ್ಧರ ಮೇಲಿನ ದೌರ್ಜನ್ಯದ ವಿಚಾರಣೆ ಇವೆಲ್ಲ ಕೌಂಟಿಯ ಸಮಾಜಸೇವಾ ಇಲಾಖೆಯ ಹೊಣೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ನಡೆಯುವ ಇನ್ನೊಂದು ಯೋಜನೆ 'ಇನ್-ಹೋಮ್ ಸಪೋರ್ಟಿವ್ ಸರ್ವೀಸಸ್'. 1970ರ ದಶಕದಲ್ಲಿ ಆರಂಭವಾದ ಇದರ ಉದ್ದೇಶ ಸರಳ: ಬಡ ವೃದ್ಧರು, ಅಂಧರು, ಅಂಗವಿಕಲರು ವೃದ್ಧಾಶ್ರಮ ಸೇರದೆ ಸ್ವಂತ ಮನೆಯಲ್ಲೇ ಬದುಕಬೇಕು. ಯಾರ ನೆರವು ಬೇಕೆಂಬುದನ್ನು ಅವರೇ ಆರಿಸಿಕೊಳ್ಳುತ್ತಾರೆ. ಮಗ, ಮಗಳು, ಸೊಸೆ ಯಾರೂ ಆಗಬಹುದು. ಖರ್ಚನ್ನು ಫೆಡರಲ್ ಸರಕಾರ, ರಾಜ್ಯ ಮತ್ತು ಕೌಂಟಿ ಹಂಚಿಕೊಳ್ಳುತ್ತವೆ. ಇಂದು ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿ ಇದರ ಫಲಾನುಭವಿಗಳು.

ನಾವು ಮಕ್ಕಳು ಮೂವರು. ಉಮ್ಮ ಇರುವುದು ದೊಡ್ಡಣ್ಣನ ಮನೆಯಲ್ಲಿ. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತ ಬಳಿಕ ಅವರ ಹೆಸರಿನಲ್ಲಿ ಅರ್ಜಿ ಹಾಕಿದೆವು. ಕೌಂಟಿಯ ಸಮಾಜ ಕಾರ್ಯಕರ್ತೆ ಮನೆಗೆ ಬಂದು ಒಂದೊಂದಾಗಿ ಪ್ರಶ್ನೆ ಕೇಳಿದರು. ಒಬ್ಬರೇ ಎದ್ದು ನಡೆಯುತ್ತೀರಾ? ಸ್ನಾನ ಹೇಗೆ? ಶೌಚಕ್ಕೆ ಯಾರಾದರೂ ಹಿಡಿಯಬೇಕೇ? ನಾವು ಬೇರಿ ಭಾಷೆಯಲ್ಲಿ ಕೇಳಿದರೆ ಉಮ್ಮ ಪ್ರತಿಯೊಂದಕ್ಕೂ "ಅದೆಲ್ಲ ನಾನೇ ಮಾಡುತ್ತೇನೆ" ಎಂದರು. ಪರಕೀಯರ ಮುಂದೆ ಮಾನ ಬಿಟ್ಟುಕೊಡಲು ಯಾವ ತಾಯಿ ಒಪ್ಪುತ್ತಾಳೆ? ಆ ಮಹಿಳೆ ಇಂತಹವರನ್ನು ಬಹಳ ಕಂಡವರಿರಬೇಕು. ಕುರ್ಚಿಯಿಂದ ಏಳಲು ಹೇಳಿ ಸುಮ್ಮನೆ ನೋಡಿದರು. ಉಮ್ಮನ ಎಡಗೈ ತಾನಾಗಿ ಅತ್ತಿಗೆಯ ಹೆಗಲನ್ನು ಹುಡುಕಿತು.

ಪ್ರತಿ ಕೆಲಸದಲ್ಲೂ ರೋಗಿ ಎಷ್ಟು ಪರಾವಲಂಬಿ ಎಂಬುದಕ್ಕೆ 1ರಿಂದ 5ರವರೆಗೆ ಶ್ರೇಣಿಯಿದೆ. ಅದರ ಆಧಾರದಲ್ಲಿ ಅಡುಗೆಗೆ ಇಷ್ಟು, ಸ್ನಾನಕ್ಕೆ ಇಷ್ಟು ಎಂದು ಗಂಟೆ, ನಿಮಿಷಗಳ ಲೆಕ್ಕದಲ್ಲಿ ಸಮಯ ಮಂಜೂರಾಗುತ್ತದೆ. ಮನೆಯಲ್ಲೇ ಬಟ್ಟೆ ಒಗೆಯಲು ಸಾಮಾನ್ಯವಾಗಿ ವಾರಕ್ಕೆ 1 ಗಂಟೆ. ಎಷ್ಟೇ ಅಗತ್ಯವಿದ್ದರೂ ತಿಂಗಳಿಗೆ ಗರಿಷ್ಠ 283 ಗಂಟೆ. ಅತ್ತಿಗೆ ಬೆರಳಚ್ಚು ಕೊಟ್ಟು, ಹಿನ್ನೆಲೆ ತಪಾಸಣೆಗೆ ಒಳಪಟ್ಟು, ಉಮ್ಮನ ಅಧಿಕೃತ ಆರೈಕೆದಾರರಾದರು.

ಆ ಹಾಳೆಯನ್ನು ಓದಿದಾಗ ನಮ್ಮ ಚರ್ಚೆಯ ದಿಕ್ಕೇ ಬದಲಾಯಿತು. ತಾಯಿಯ ಸೇವೆ ಮಕ್ಕಳ ಕರ್ತವ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಅತ್ತೆಯ ಸೇವೆ ಸೊಸೆಯ ಮೇಲೆ ಶರೀಅತ್ ಹೇರಿದ ಕಡ್ಡಾಯವಲ್ಲ ಎಂದೂ ಅನೇಕ ಉಲೆಮಾಗಳು ಹೇಳುತ್ತಾ ಬಂದಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಪುಣ್ಯದ ಮಾತು ಗಂಡು ಮಕ್ಕಳದ್ದು, ಬಟ್ಟೆ ಬದಲಿಸುವ ಕೆಲಸ ಸೊಸೆಯದ್ದು. ಇದಕ್ಕಾಗಿ ಅತ್ತಿಗೆ ಹೊರಗಿನ ಉದ್ಯೋಗ ಬಿಟ್ಟಿದ್ದರು. ಈಗ ಅವರ ಹೆಸರಿಗೆ ವೇತನದ ಚೀಟಿ ಬರುತ್ತದೆ. ಸಂಬಳಸಹಿತ ಅನಾರೋಗ್ಯ ರಜೆಯಿದೆ. ವೇತನಕ್ಕಾಗಿ ಕೌಂಟಿಯೊಂದಿಗೆ ಚೌಕಾಶಿ ಮಾಡುವ ಕಾರ್ಮಿಕ ಸಂಘವೂ ಇದೆ. ಈ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ. 1999ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸುಮಾರು 74,000 ಮನೆ ಆರೈಕೆ ಕಾರ್ಮಿಕರು ವರ್ಷಗಳ ಹೋರಾಟದ ಬಳಿಕ ಸಂಘಟಿತರಾದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು.

ಇದು ಭಿಕ್ಷೆಯೂ ಅಲ್ಲ. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬರನ್ನು ಕಂಡ ಖಲೀಫಾ ಉಮರ್(ರ) ಅವರು ಬೈತುಲ್‌ಮಾಲ್‌ನಿಂದ ನೆರವು ಕೊಡಿಸಿದ ಘಟನೆಯನ್ನು ಇಮಾಮ್ ಅಬೂ ಯೂಸುಫ್ 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ. ದುಡಿಯುವ ಶಕ್ತಿಯಿದ್ದಾಗ ತೆರಿಗೆ ಪಡೆದ ಸರಕಾರ ಮುಪ್ಪಿನಲ್ಲಿ ಕೈಬಿಡಬಾರದು ಎಂಬುದು ಅದರ ತಿರುಳು. ಅಮೆರಿಕದಲ್ಲೂ ಈ ಹೊಣೆ ಭದ್ರವಾಗಿಲ್ಲ. ಈ ಯೋಜನೆಯ ಬಹುಪಾಲು ನಿಂತಿರುವುದು ಮೆಡಿಕೇಡ್ ಹಣದ ಮೇಲೆ. ಮೆಡಿಕೇಡ್ ವೆಚ್ಚ ಕಡಿತಗೊಳಿಸುವ ಫೆಡರಲ್ ಕಾನೂನು 2025ರ ಜುಲೈಯಲ್ಲಿ ಅಂಗೀಕಾರವಾಗಿದೆ. ಗಂಟೆಗಳು ಕಡಿತವಾದರೆ ಆ ಹೊರೆ ಮತ್ತೆ ಯಾರ ಹೆಗಲಿಗೆ ಬೀಳುತ್ತದೆಂದು ಹೇಳಬೇಕಾಗಿಲ್ಲ.

ಕೌಂಟಿಯ ಲೆಕ್ಕಕ್ಕೂ ಒಂದು ಮಿತಿಯಿದೆ. ಸ್ನಾನಕ್ಕೆ, ಊಟಕ್ಕೆ ಅಲ್ಲಿ ಸಾಲುಗಳಿವೆ. ಬಳಿ ಕುಳಿತು ಮಾತನಾಡಲು, ಊರಿನ ಸುದ್ದಿ ಹೇಳಲು, ಮಗ್ರಿಬ್ ನಂತರ ಯಾಸೀನ್ ಓದಿ ಕೇಳಿಸಲು ಒಂದು ನಿಮಿಷವೂ ಮಂಜೂರಾಗುವುದಿಲ್ಲ. ಅದನ್ನು ಯಾವ ಸರಕಾರವೂ ಕೊಡಲಾರದು. ಅತ್ತಿಗೆಯ ದುಡಿಮೆಗೆ ಸಂಬಳ ಸಲ್ಲಲಿ. ಆ ಸಂಬಳವಿಲ್ಲದ ಗಂಟೆಗಳು ಮಕ್ಕಳಾದ ನಮ್ಮ ಪಾಲಿನವು.